ಕೆಳಗಿಳಿಯದ ಎಂಬತ್ತನಾಲ್ಕು

ಜವ್ವಾದು ಬೆಟ್ಟದ ದಾರಿಯಲ್ಲಿ ಎಡಕ್ಕೆ ಚಾಚಿಕೊಂಡ ಒಂದು ಬಂಡೆ ಇದೆ. ಮೊದಲ ಸಲ ಹೋದಾಗ ನಾನು ಅದರ ಮೇಲೆ ಕುಳಿತುಬಿಟ್ಟೆ, ಮತ್ತೆ ಏಳಲಾಗಲಿಲ್ಲ. ತುದಿಗೆ ಇನ್ನೂ ಒಂದು ಗಂಟೆಯ ಏರು ಉಳಿದಿತ್ತು. ನಾವು ಐದು ಜನ ಹೆಂಗಸರು, ಚೆನ್ನೈನ ಗಿಂಡಿ ಬಡಾವಣೆಯ ಒಂದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು. ಜೊತೆಗೆ ದಾರಿ ತೋರಿಸಲು ಬೆಟ್ಟದ ಹಳ್ಳಿಯ ಒಬ್ಬ ಹಿರಿಯ. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಕಿವಿಯೊಳಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಕೈಗಡಿಯಾರ ಬಡಿತವನ್ನು ನೂರ ಎಂಬತ್ತಾರು ಎಂದು ತೋರಿಸಿತು. ಹತ್ತು ನಿಮಿಷ ಕುಳಿತ ಮೇಲೂ ಅದು ನೂರ ಮೂವತ್ತರ ಕೆಳಗೆ ಬರಲಿಲ್ಲ.

ಗುಂಪನ್ನು ಒಡೆಯುವ ಹಾಗಿಲ್ಲ ಎಂದು ಹಿರಿಯ ಹೇಳಿದ. ನನ್ನಿಂದಾಗಿ ಐವರೂ ಇಳಿದೆವು. ವ್ಯಾನಿನಲ್ಲಿ ಒಬ್ಬಳು ಕಿತ್ತಳೆ ಸುಲಿದು ತೊಳೆಗಳನ್ನು ನನ್ನ ಕೈಗೆ ಹಾಕಿದಳು. ನಮ್ಮಲ್ಲಿ ಹಿರಿಯಳಾದವಳು, ನಾವೆಲ್ಲ ಅಕ್ಕ ಎಂದೇ ಕರೆಯುವವಳು, ತಮಿಳಿನಲ್ಲಿ, “ಮುಂದಿನ ಚಳಿಗಾಲಕ್ಕೆ ಮತ್ತೆ ಬಂದರಾಯಿತು, ಬೆಟ್ಟಕ್ಕೇನು ಕಾಲು ಬಂದಿಲ್ಲವಲ್ಲ” ಎಂದಳು. ನಾನು ಕಿಟಕಿಯ ಕಡೆ ನೋಡಿಕೊಂಡು ಕಿತ್ತಳೆ ತಿಂದೆ.

ಮನೆಯಲ್ಲಿ, ತುದಿ ತಲುಪಿದೆವು ಎಂದು ಹೇಳಿದೆ.

ಸುಳ್ಳು ಹೇಳಲು ಕಾರಣವಿತ್ತು. ನಮ್ಮದು ಉಡುಪಿ ಕಡೆಯ ಮನೆತನ. ಅಜ್ಜ ಮದರಾಸಿಗೆ ಬಂದು ಮೈಲಾಪೂರಿನಲ್ಲಿ ಒಂದು ಸಣ್ಣ ಸಸ್ಯಾಹಾರಿ ಹೋಟೆಲು ಹಾಕಿದರು, ಅಪ್ಪ ಈಗ ಅದನ್ನು ನಡೆಸುತ್ತಿದ್ದಾರೆ. ಅಜ್ಜ ಒಂದು ಮಧ್ಯಾಹ್ನ ಗಲ್ಲಾದ ಮುಂದೆ ಕುಳಿತಲ್ಲೇ ಎದೆ ಹಿಡಿದುಕೊಂಡವರು, ಆಸ್ಪತ್ರೆಯವರೆಗೆ ಉಳಿಯಲಿಲ್ಲ. ಅಪ್ಪನಿಗೆ ಅದೇ ಕುರ್ಚಿಯಲ್ಲಿ ಬೆವರು ಕಿತ್ತುಕೊಂಡಾಗ ಕಾಫಿ ಮಾಸ್ಟರು ಗಮನಿಸಿದ್ದರಿಂದ ಸಮಯಕ್ಕೆ ಸ್ಟೆಂಟ್ ಬಿತ್ತು. ಅದಾಗಿ ಎರಡು ವರ್ಷವಾಗಿದ್ದರೂ ಅಪ್ಪ ಕೆಮ್ಮಿದರೆ ಅಮ್ಮ ಅಡಿಗೆಮನೆಯಿಂದ ಹೊರಗೆ ಬಂದು ನೋಡುತ್ತಿದ್ದಳು. ಆ ಮನೆಯೊಳಗೆ ಹೋಗಿ, ಬೆಟ್ಟ ಹತ್ತುವಾಗ ನನ್ನ ಎದೆ ನಿಲ್ಲದ ಹಾಗೆ ಹೊಡೆದುಕೊಂಡಿತು ಎಂದು ಹೇಳುವುದು ನನ್ನಿಂದ ಆಗಲಿಲ್ಲ. ಅಜ್ಜನದು, ಅಪ್ಪನದು, ಈಗ ನನ್ನದು ಎಂಬ ಸಾಲು ನನ್ನ ತಲೆಯಲ್ಲೇ ಸಾಕಷ್ಟು ಸಲ ಓಡಿತ್ತು.

ನನಗೆ ಬೇಕಾಗಿದ್ದದ್ದು ಒಂದೇ ಉತ್ತರ: ಈ ಹೃದಯ ಬರಿದೇ ಅಭ್ಯಾಸವಿಲ್ಲದ್ದೋ, ಅಥವಾ ಕೆಟ್ಟದ್ದೋ?

ನಾನು ಓದಿದೆ. ಓದುವುದು ನನಗೆ ಬರುವ ಕೆಲಸ. ಬೆಟ್ಟ ಹತ್ತಲು ಬೇಕಾದ ಉಸಿರಿನ ತಾಳಿಕೆಯನ್ನು ಹೃದಯ ಬಡಿತದ ವಲಯಗಳ ಲೆಕ್ಕದಲ್ಲಿ ಬೆಳೆಸಬಹುದು ಎಂದು ಎಲ್ಲ ಕಡೆ ಬರೆದಿತ್ತು. ವಲಯಗಳು ಐದು. ಒಂದನೆಯದು ಸುಮ್ಮನೆ ಅಡ್ಡಾಡುವುದು, ಐದನೆಯದು ನಾನು ಬಂಡೆಯ ಮೇಲೆ ಕೂರುವ ಮೊದಲು ಇದ್ದ ಸ್ಥಿತಿ. ತಾಳಿಕೆ ಬೆಳೆಯುವುದು ಎರಡನೆಯದರಲ್ಲಿ. ಬೇಸರ ಬರುವಷ್ಟು ನಿಧಾನವಾಗಿ, ಬಹಳ ಹೊತ್ತು, ವಾರಕ್ಕೆ ಐದು ದಿನ. ಹಾಗೆ ಎರಡು ಮೂರು ತಿಂಗಳು ಮಾಡಿದರೆ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಆಗ ಸುಮ್ಮನೆ ಕುಳಿತಾಗಿನ ಬಡಿತ ತಾನಾಗಿ ಇಳಿಯುತ್ತದೆ. ಅದು ಇಳಿದರೆ ಸರಿಯಾದ ದಾರಿಯಲ್ಲಿದ್ದೇವೆ ಎಂದರ್ಥ. ಎರಡನೇ ವಲಯದಲ್ಲಿ ಇದ್ದೇವೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯನ್ನೂ ಕೊಟ್ಟಿದ್ದರು: ಜೊತೆಯವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗಬೇಕು. ನನಗೆ ಜೊತೆಯವರು ಇರಲಿಲ್ಲ. ಇದ್ದಿದ್ದರೂ ನಾನು ಅಷ್ಟು ಮಾತನಾಡುವವಳಲ್ಲ. ಆದ್ದರಿಂದ ಸಂಖ್ಯೆಗಳನ್ನೇ ನಂಬಿದೆ.

ಸಂಖ್ಯೆಗಳನ್ನು ನಂಬುವುದು ನನ್ನ ಉದ್ಯೋಗವೂ ಹೌದು. ಬೇರೆಯವರ ತಕ್ಕಡಿ, ಉಷ್ಣಮಾಪಕ, ಒತ್ತಡಮಾಪಕಗಳು ಸರಿ ತೋರಿಸುತ್ತಿವೆಯೇ ಎಂದು ನಮ್ಮ ಪ್ರಯೋಗಾಲಯ ಪರೀಕ್ಷೆ ಮಾಡಿ ಚೀಟಿ ಕೊಡುತ್ತದೆ. ನಾನು ತಕ್ಕಡಿಯ ವಿಭಾಗದಲ್ಲಿದ್ದೇನೆ.

ಕೈಗಡಿಯಾರದ ಲೆಕ್ಕ ನನಗೆ ಸಾಲದೆನಿಸಿ ಎದೆಗೆ ಕಟ್ಟುವ ಪಟ್ಟಿಯೊಂದನ್ನು ತರಿಸಿದೆ. ಅದನ್ನು ಸ್ವಲ್ಪ ಒದ್ದೆ ಮಾಡಿ ಎದೆಯ ಕೆಳಗೆ ಬಿಗಿದರೆ ಬಡಿತದ ಲೆಕ್ಕ ಫೋನಿಗೆ ಬರುತ್ತದೆ. ಅದನ್ನು ನನ್ನ ಚೂಡಿದಾರಗಳ ಅಡಿಯಲ್ಲಿ ಬಚ್ಚಿಟ್ಟೆ. ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಬಡಿತ ಎಣಿಸಬೇಕು ಎಂದು ಪುಸ್ತಕದಲ್ಲಿತ್ತು. ಆದರೆ ನಾನು ಮಲಗುವುದು ಅಜ್ಜಿಯ ಜೊತೆ, ಅಜ್ಜಿಯ ನಿದ್ದೆ ಎಲೆ ಬಿದ್ದರೂ ಎಚ್ಚರವಾಗುವಂಥದ್ದು. ಪಟ್ಟಿ ಕಟ್ಟಿಕೊಳ್ಳುವುದನ್ನು ಅವಳು ಕಂಡರೆ ಅಮ್ಮನಿಗೆ ಗೊತ್ತಾಗಲು ಕಾಲು ಗಂಟೆ ಬೇಕಾಗಿರಲಿಲ್ಲ. ಹಾಗಾಗಿ ಬೇರೆ ಜಾಗ ಹುಡುಕಿದೆ.

ಬೆಳಿಗ್ಗೆ ಐದು ಗಂಟೆಗೆ ಮೊದಲು ಹೋಟೆಲಿನಲ್ಲಿ ನನಗೊಂದು ಕೆಲಸವಿತ್ತು. ದಿನದ ಮೊದಲ ಡಿಕಾಕ್ಷನ್ ಇಳಿದ ಮೇಲೆ, ಗಿರಾಕಿಗೆ ಕೊಡುವ ಮುಂಚೆ, ಮನೆಯವರೊಬ್ಬರು ಅದರ ರುಚಿ ನೋಡಬೇಕು. ಇದು ಅಜ್ಜ ಹಾಕಿದ ಕ್ರಮ. ಹಾಲಿಲ್ಲ, ಸಕ್ಕರೆಯಿಲ್ಲ. ಕಾಫಿ ಮಾಸ್ಟರು ಒಂದು ಸಣ್ಣ ಲೋಟದಲ್ಲಿ ಕೊಡುತ್ತಾರೆ. ಚಿಕೋರಿ ಹೆಚ್ಚಾಯಿತು ಎಂದರೆ ಇನ್ನೊಂದು ಫಿಲ್ಟರಿನಿಂದ ಬೆರೆಸಿ ಮತ್ತೆ ಕೊಡುತ್ತಾರೆ. ಸರಿ ಎನ್ನುವವರೆಗೆ ಗಿರಾಕಿಗೆ ಕಾಫಿ ಇಲ್ಲ. ಅಜ್ಜ ಏಕಾದಶಿಯ ದಿನ ಹನಿ ನೀರೂ ಮುಟ್ಟುತ್ತಿರಲಿಲ್ಲ, ಆದರೆ ಡಿಕಾಕ್ಷನ್ ರುಚಿ ನೋಡುತ್ತಿದ್ದರು. ಅದರಿಂದ ಉಪವಾಸ ಕೆಟ್ಟಿತು ಎಂದು ಅಜ್ಜಿಯಾಗಲಿ ಮಠದವರಾಗಲಿ ಅಂದದ್ದಿಲ್ಲ. ಅದು ಕೆಲಸ. ಅಜ್ಜನ ನಂತರ ಅಪ್ಪ ನೋಡುತ್ತಿದ್ದರು. ಸ್ಟೆಂಟ್ ಬಿದ್ದ ಮೇಲೆ ಅಪ್ಪನ ಡಾಕ್ಟರು ಕಾಫಿ ನಿಲ್ಲಿಸಿದರು, ಅಮ್ಮನಿಗೆ ಆ ಕಹಿ ಆಗದು, ನಾನು ಒಬ್ಬಳೇ ಮಗಳು. ಹಾಗಾಗಿ ಕೆಲಸ ನನಗೆ ಬಂತು.

ಅದು ಮುಗಿದ ಮೇಲೆ ಬಾಯ್ಲರಿನ ಹಿಂದೆ, ಅಕ್ಕಿ ಮೂಟೆಗಳ ಪಕ್ಕದ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದೆ. ಅಲ್ಲಿಗೆ ಯಾರೂ ಬರುವುದಿಲ್ಲ. ಹತ್ತು ನಿಮಿಷ ಕಣ್ಣು ಮುಚ್ಚಿ ಅಲುಗಾಡದೆ ಕುಳಿತು, ಕೊನೆಯ ಐದು ನಿಮಿಷದ ಸರಾಸರಿ ಬರೆದುಕೊಳ್ಳುತ್ತಿದ್ದೆ. ದಿನವೂ ಅದೇ ಬೆಂಚು, ಅದೇ ಹೊತ್ತು. ಮೊದಲ ವಾರದ ಸರಾಸರಿ ಎಂಬತ್ತನಾಲ್ಕು.

ನನ್ನ ವಯಸ್ಸು ಇಪ್ಪತ್ತೆಂಟು. ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೆದರೆ ಹೆಚ್ಚೆಂದರೆ ಎಷ್ಟು ಬಡಿತ ಎಂಬ ಅಂದಾಜು ಸಿಗುತ್ತದೆ: ನೂರ ತೊಂಬತ್ತೆರಡು. ಅದಕ್ಕೂ ಎಂಬತ್ತನಾಲ್ಕಕ್ಕೂ ನಡುವಿನ ಅಂತರದಲ್ಲಿ ಶೇಕಡ ಅರವತ್ತರಿಂದ ಎಪ್ಪತ್ತು ತೆಗೆದು, ಎಂಬತ್ತನಾಲ್ಕಕ್ಕೆ ಸೇರಿಸಿದರೆ ಎರಡನೇ ವಲಯ. ನನ್ನದು ನೂರ ನಲವತ್ತೊಂಬತ್ತರಿಂದ ನೂರ ಅರವತ್ತು. ಈ ಎರಡು ಸಂಖ್ಯೆಗಳ ನಡುವೆ ನಾಲ್ಕು ತಿಂಗಳು ಬದುಕಿದೆ.

ಚೆನ್ನೈ ಚಪ್ಪಟೆ ಊರು. ಬೆಟ್ಟಕ್ಕೆ ತಯಾರಾಗುವವರಿಗೆ ಇಲ್ಲಿ ಸಿಗುವ ಏರು ಎಂದರೆ ಮೇಲ್ಸೇತುವೆ, ಇಲ್ಲವೆ ಎತ್ತರದ ರೈಲು ನಿಲ್ದಾಣದ ಮೆಟ್ಟಿಲು. ಬೆಂಚಿನಿಂದ ಎದ್ದು ಕಪಾಲಿ ಗುಡಿಯ ಕೊಳದ ಸುತ್ತ ನಾಲ್ಕು ಸುತ್ತು ಬಿರುಸಾಗಿ ನಡೆದು, ಆಮೇಲೆ ನಿಲ್ದಾಣಕ್ಕೆ ಹೋಗಿ ಟಿಕೆಟ್ ತೆಗೆದುಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಆ ನಿಲ್ದಾಣದ ಮೆಟ್ಟಿಲುಗಳು ಅಗಲವಾಗಿ, ಕತ್ತಲಾಗಿ, ಯಾವಾಗಲೂ ಖಾಲಿ. ಅಲ್ಲಿ ಒಬ್ಬ ಕಾವಲು ಹೆಂಗಸು ಇದ್ದಳು. ಒಂದು ತಿಂಗಳು ನನ್ನನ್ನು ಅನುಮಾನದಿಂದ ನೋಡಿದಳು. ಆಮೇಲೆ ದಿನಾ ಒಂದೇ ತಮಾಷೆ.

“ಎನ್ನಮ್ಮಾ, ಇನ್ನೈಕ್ಕುಂ ಟ್ರೈನ್ ವೇಂಡಾಮಾ?” ಇವತ್ತೂ ರೈಲು ಬೇಡವೇ ಎಂದು.

“ವೇಂಡಾಂ,” ಎಂದು ಹೇಳಿ ನಾನು ಮೇಲೆ ಹೋಗುತ್ತಿದ್ದೆ. ನಮ್ಮ ಸ್ನೇಹ ಅಷ್ಟೇ.

ಎರಡು ತಿಂಗಳಾಯಿತು. ಬೆಂಚಿನ ಮೇಲಿನ ಸಂಖ್ಯೆ ಎಂಬತ್ತೈದು. ಮೂರು ತಿಂಗಳಿಗೆ ಎಂಬತ್ಮೂರು. ಮೊದಲ ವಾರಕ್ಕಿಂತ ಒಂದು ಕಡಿಮೆಯಾದದ್ದಕ್ಕೆ ಇಡೀ ದಿನ ಹಗುರಾಗಿದ್ದೆ. ಮರುವಾರ ಮತ್ತೆ ಎಂಬತ್ತನಾಲ್ಕು. ಮೆಟ್ಟಿಲು ಹತ್ತುವಾಗ ಉಸಿರು ಅಷ್ಟೇ ಕಟ್ಟುತ್ತಿತ್ತು. ಸಾಯಂಕಾಲ ಕೆಲಸದಿಂದ ಬರುವಾಗ ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ಸಲ ನಿಲ್ದಾಣ ದಾಟಿಸಿಕೊಂಡೆ. ಇಷ್ಟು ಅಭ್ಯಾಸಕ್ಕೆ ಯಾರ ಹೃದಯವಾದರೂ ಇಳಿಯಬೇಕಿತ್ತು. ಇಳಿಯದಿದ್ದರೆ ಕಾರಣ ಅಭ್ಯಾಸದಲ್ಲಿಲ್ಲ, ಹೃದಯದಲ್ಲಿದೆ. ಹೀಗೆ ಬರೆದಿಟ್ಟ ಪುಟವನ್ನು ಹರಿದು ಹಾಕಿದೆ, ಅಜ್ಜಿಗೆ ಕನ್ನಡ ಓದಲು ಬರುತ್ತದೆ.

ಅಕ್ಕ ಊಟದ ಹೊತ್ತಿನಲ್ಲಿ ಕೇಳಿದಳು. “ಬೆಟ್ಟಕ್ಕೆ ಹೋಗುವವರ ಹೆಸರು ಕೊಡಬೇಕು. ನಿನ್ನದು ಬರೆಯಲಾ?”

“ಇನ್ನೂ ನೋಡಬೇಕು ಅಕ್ಕ.”

“ಏನು ನೋಡೋದು? ಕಾಲು ಎರಡೇ ಅಲ್ಲವಾ?”

ನಾನು ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡೆ. ಅಕ್ಕ ನನ್ನ ಹೆಸರಿನ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಳು.

ಡಾಕ್ಟರ ಹತ್ತಿರ ಹೋಗಲೇಬೇಕಾಯಿತು. ಮೈಲಾಪೂರಿನ ಡಾಕ್ಟರುಗಳೆಲ್ಲ ನಮ್ಮ ಹೋಟೆಲಿನ ಇಡ್ಲಿ ತಿನ್ನುವವರು, ಆದ್ದರಿಂದ ಟಿ. ನಗರದಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಲೇಡಿ ಡಾಕ್ಟರನ್ನು ಹುಡುಕಿದೆ. ಕೆಳಗೆ ಮದುವೆ ಸೀರೆಗಳ ಗದ್ದಲ, ಮೇಲೆ ಫ್ಯಾನಿನ ಸದ್ದು. ಆಕೆ ಎಲ್ಲ ಕೇಳಿದರು. ಅಜ್ಜ, ಅಪ್ಪ, ಬೆಟ್ಟ, ಎಂಬತ್ತನಾಲ್ಕು. ನನ್ನ ಹಾಳೆಗಳನ್ನು ತಿರುವಿ ನೋಡಿ, “ಇಷ್ಟು ನೀಟಾಗಿ ಯಾವ ಪೇಷೆಂಟೂ ಬರೆದು ತರುವುದಿಲ್ಲ” ಎಂದರು. ನಿದ್ದೆ? ಸರಿಯಾಗಿದೆ. ಸಿಗರೇಟು? ಇಲ್ಲ.

“ಕಾಫಿ, ಟೀ?”

“ಕುಡಿಯುವುದಿಲ್ಲ.”

ನಾನು ಸುಳ್ಳು ಹೇಳಲಿಲ್ಲ. ನನ್ನ ಮಟ್ಟಿಗೆ ಅದು ಪೂರ್ತಿ ನಿಜವಾಗಿತ್ತು. ಕಚೇರಿಯಲ್ಲಿ ಎಲ್ಲರೂ ಕಾಫಿಗೆ ಏಳುವಾಗ ನಾನು ಏಳುವುದಿಲ್ಲ. ಹೋಟೆಲಿನವರ ಮಗಳಾಗಿಯೂ ಕಾಫಿ ಕುಡಿಯುವುದಿಲ್ಲ ಎಂಬುದು ನನ್ನ ಬಗ್ಗೆ ಎಲ್ಲರಿಗೂ ಗೊತ್ತಿದ್ದ ಒಂದೇ ವಿಷಯ.

ಇ.ಸಿ.ಜಿ. ತೆಗೆದರು. ಬಡಿತ ಸ್ವಲ್ಪ ಚುರುಕು, ಉಳಿದದ್ದು ಸರಿ. ರಕ್ತದಲ್ಲೂ ಏನಿಲ್ಲ. ಆದರೂ ಅಪ್ಪನ ವಿಷಯ ಇರುವುದರಿಂದ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸೋಣ ಎಂದು ಎರಡನೇ ಶನಿವಾರಕ್ಕೆ ಬರೆದುಕೊಟ್ಟರು. ಚೀಟಿಯನ್ನು ಮಡಚಿ ಫೋನಿನ ಕವಚದೊಳಗೆ ಇಟ್ಟುಕೊಂಡೆ. ಆಮೇಲಿನ ದಿನಗಳಲ್ಲಿ ಫೋನು ಎತ್ತಿದಾಗಲೆಲ್ಲ ಅದು ಅಲ್ಲಿದೆ ಎಂಬುದು ಬೆರಳಿಗೆ ತಿಳಿಯುತ್ತಿತ್ತು.

ಆ ಶನಿವಾರಕ್ಕೆ ಮುಂಚಿನ ವಾರ ಹೋಟೆಲಿನ ಅಡಿಗೆಮನೆಯ ನೆಲ ಕಿತ್ತರು. ಕಡಪ ಕಲ್ಲುಗಳು ಕುಸಿದು ನೀರು ನಿಲ್ಲುತ್ತಿತ್ತು. ಮೂರು ದಿನ ಬಾಗಿಲು ಹಾಕಿತ್ತು. ಬೆಂಚು ಬೀದಿಯಲ್ಲಿ, ಅಕ್ಕಿ ಮೂಟೆ ನಮ್ಮ ಮನೆಯ ಹಜಾರದಲ್ಲಿ. ಎಂದಿನಂತೆ ಬಚ್ಚಲಿನಲ್ಲಿ ಪಟ್ಟಿ ಕಟ್ಟಿಕೊಂಡು, ಬೇರೆ ದಾರಿಯಿಲ್ಲದೆ ನಮ್ಮ ಹಳೆಯ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಒಣಗಲು ಹಾಕಿದ ಪಂಚೆಗಳ ಹಿಂದೆ ಕುಳಿತೆ. ಅದೇ ಹೊತ್ತು, ಅದೇ ಹತ್ತು ನಿಮಿಷ.

ಅರವತ್ತನಾಲ್ಕು.

ಪಟ್ಟಿ ಜಾರಿದೆ ಎಂದುಕೊಂಡು ಬಿಗಿ ಮಾಡಿದೆ. ಅರವತ್ತನಾಲ್ಕೇ. ಮರುದಿನ ಅರವತ್ತೆರಡು, ಮೂರನೇ ದಿನ ಅರವತ್ಮೂರು. ಆ ದಿನಗಳಲ್ಲಿ ನಿಲ್ದಾಣದ ಮೆಟ್ಟಿಲು ಹತ್ತುವಾಗಲೂ ಬಡಿತ ಹತ್ತರಷ್ಟು ಕಡಿಮೆ ಇತ್ತು. ನಾಲ್ಕನೇ ದಿನ ಹೋಟೆಲು ತೆರೆಯಿತು. ಹೊಸ ನೆಲ ಇನ್ನೂ ಸಿಮೆಂಟಿನ ವಾಸನೆ ಬಡಿಯುತ್ತಿತ್ತು. ನನ್ನ ಕೆಲಸ ಮುಗಿಸಿ, ಬೆಂಚಿಗೆ ಬಂದು, ಕಣ್ಣು ಮುಚ್ಚಿ ಕುಳಿತೆ.

ಎಂಬತ್ಮೂರು.

ಕುಳಿತಲ್ಲೇ ನನಗೆ ಎಲ್ಲ ಅರ್ಥವಾದ ಹಾಗಾಯಿತು. ನಾನು ಈ ಜಾಗಕ್ಕೆ ಹೆದರುತ್ತಿದ್ದೇನೆ. ಅಜ್ಜ ಇಲ್ಲೇ ಹೋದರು, ಅಪ್ಪ ಇಲ್ಲೇ ಕುಸಿದರು, ಗಲ್ಲಾ ಇಲ್ಲಿಂದ ಹತ್ತು ಹೆಜ್ಜೆ. ನನಗೆ ತಿಳಿಯದ ಹಾಗೆ ನನ್ನ ಹೃದಯ ದಿನಾ ಬೆಳಿಗ್ಗೆ ಅದನ್ನು ನೆನೆಸಿಕೊಳ್ಳುತ್ತಿದೆ. ಕಣ್ಣಲ್ಲಿ ನೀರು ಬಂದಿದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ. ಪಟ್ಟಿಯನ್ನು ನಂಬದೆ ಮಣಿಕಟ್ಟಿಗೆ ಬೆರಳಿಟ್ಟು ಎಣಿಸುತ್ತಿದ್ದೆ. ಅಷ್ಟರಲ್ಲಿ ಕಾಫಿ ಮಾಸ್ಟರು ಸಕ್ಕರೆ ಡಬ್ಬ ತೆಗೆಯಲು ಆ ಕಡೆ ಬಂದರು. ನಾನು ತೊಟ್ಟಿಲಲ್ಲಿದ್ದಾಗಿನಿಂದ ಹೋಟೆಲಿನಲ್ಲಿರುವವರು, ನನಗೆ ಮಾಮ.

“ಎಂತ, ನಾಡಿ ಹಿಡ್ಕೊಂಡು ಕೂತದ್ದು? ವೈದ್ಯರ ಕೆಲಸ ಸುರು ಮಾಡಿದ್ಯಾ?”

“ಎಂತ ಇಲ್ಲ ಮಾಮ.”

“ಎಂತ ಇಲ್ಲದ್ದಕ್ಕೆ ನಾಲ್ಕು ತಿಂಗಳಿಂದ ಅಂಗಿ ಒಳಗೆ ಬೆಲ್ಟು ಕಟ್ಕೊಂಡು ಬರ್ತೀಯಾ? ನಾನು ಬೆನ್ನುನೋವು ಅಂತ ಗ್ರಹಿಸಿದ್ದೆ. ನನ್ನ ಹತ್ರ ಒಳ್ಳೆ ಎಣ್ಣೆ ಉಂಟು, ಕೇಳಿದ್ರೆ ಕೊಡ್ತಿದ್ದೆ.”

ಯಾರಿಗೂ ಹೇಳದಿದ್ದದ್ದನ್ನು ಅವರಿಗೆ ಹೇಳಿಬಿಟ್ಟೆ. ಬಹುಶಃ ಅವರು ಅಪ್ಪನ ಬೆವರನ್ನು ಮೊದಲು ಗಮನಿಸಿದವರು ಎಂಬ ಕಾರಣಕ್ಕೆ. ಬೆಳಿಗ್ಗೆ ಬಡಿತ ಜೋರಿರುತ್ತದೆ, ಶನಿವಾರ ಪರೀಕ್ಷೆ ಇದೆ, ಅಪ್ಪನಿಗೆ ಹೇಳಬೇಡಿ ಎಂದೆ. ಅವರ ಮುಖ ಗಂಭೀರವಾಯಿತು. ಸಕ್ಕರೆ ಡಬ್ಬವನ್ನು ಮೂಟೆಯ ಮೇಲಿಟ್ಟರು.

“ಡಾಕ್ಟ್ರು ಎಂತ ಹೇಳಿದ್ರು? ನಿನ್ನಪ್ಪನಿಗೆ ಮೊದಲು ಕಾಫಿ ನಿಲ್ಲಿಸಿದ್ರು. ನಿನಗೆ ನಿಲ್ಲಿಸ್ಲಿಕ್ಕೆ ಹೇಳಲಿಲ್ವಾ?”

“ನಾನು ಕಾಫಿ ಕುಡಿಯುವುದಿಲ್ಲವಲ್ಲ ಮಾಮ.”

ಅವರು ನನ್ನನ್ನು ನೋಡಿದರು. ನನ್ನ ಪಕ್ಕದಲ್ಲಿದ್ದ ಸಣ್ಣ ಲೋಟವನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು.

“ಮತ್ತೆ ಈಗ ಕುಡಿದದ್ದು ಎಂತ? ತೀರ್ಥವಾ?”

“ಅದು ರುಚಿ ನೋಡಿದ್ದು.”

“ಹೌದಾ? ನೀನು ರುಚಿ ನೋಡಿದ್ದು ಅಂತ ಹೊಟ್ಟೆಗೆ ಚೀಟಿ ಬರೆದು ಕಳಿಸಿದ್ಯಾ?” ಅವರಿಗೆ ನಗು ತಡೆಯಲಾಗಲಿಲ್ಲ, ಮೂಟೆಯ ಮೇಲೆ ಕೈಯೂರಿದರು. “ಹಾಲಿಲ್ಲ, ನೀರಿಲ್ಲ, ಫಸ್ಟು ಡಿಕಾಕ್ಷನ್! ಇವತ್ತು ಮೂರು ಸಲ ಕೊಟ್ಟಿದ್ದೇನೆ, ಮಾರಾಯ್ತಿ. ಹೊಸ ಪುಡಿ ಅಂತ ಮೂರು ಸಲವೂ ಲೋಟ ಖಾಲಿ ಮಾಡಿದ್ದಿ. ಗಿರಾಕಿ ಇಷ್ಟು ಕುಡಿದ್ರೆ ಗೋಡೆ ಹತ್ತಿಯಾನು. ಅದರ ಮೇಲೆ ಬಾಯ್ಲರಿನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಿ. ನಿನ್ನ ಎದೆ ಹೊಡ್ಕೊಳ್ಳದೆ ಎಂತ ಮಾಡ್ಬೇಕು?”

ನಾನು ಲೋಟ ಎತ್ತಿ ಅದರ ತಳ ನೋಡಿದೆ. ತಕ್ಕಡಿಯನ್ನು ಪರೀಕ್ಷೆಗೆ ತಂದಾಗ ನಾವು ಮಾಡುವ ಮೊದಲ ಕೆಲಸ, ತಟ್ಟೆಯ ಮೇಲೆ ಏನೂ ಇಲ್ಲದಾಗ ಅದು ಸೊನ್ನೆ ತೋರಿಸುತ್ತದೆಯೇ ಎಂದು ನೋಡುವುದು. ಹಾಗೆ ನೋಡದೆ ನೂರು ಸಲ ಒಂದೇ ತೂಕ ಬಂತೆಂದು ಖುಷಿಪಡುವ ಹೊಸಬರಿಗೆ ನಾನೇ ಪಾಠ ಹೇಳಿದ್ದೇನೆ. ಮತ್ತೆ ನಾನು, ನಾಲ್ಕು ತಿಂಗಳು, ತಟ್ಟೆಯ ಮೇಲೆ ಎರಡು ಮೂರು ಲೋಟ ಡಿಕಾಕ್ಷನ್ ಇಟ್ಟು ಅದನ್ನೇ ಸೊನ್ನೆ ಎಂದು ಬರೆದುಕೊಂಡಿದ್ದೆ.

ಆ ದಿನ ಸಾಯಂಕಾಲ, ನಂಬಿಕೆಗಿರಲಿ ಎಂದು, ರುಚಿ ನೋಡುವ ಲೋಟಕ್ಕೆ ನೀರು ತುಂಬಿ ಅಳೆದೆ. ಎರಡು ಸಲ ನೋಡಿದರೆ ಇಬ್ಬರು ಗಿರಾಕಿಗಳ ಕಾಫಿಗೆ ಹಾಕುವಷ್ಟು ಡಿಕಾಕ್ಷನ್ ಆಗುತ್ತಿತ್ತು. ಮೂರು ಸಲದ್ದನ್ನು ಲೆಕ್ಕ ಮಾಡಲು ಹೋಗಲಿಲ್ಲ.

ಸುಮ್ಮನೆ ನಕ್ಕು ಮರೆಯುವುದು ನನಗೆ ಬರುವುದಿಲ್ಲ. ಕಾರಣ ಸಿಕ್ಕಿತು ಎಂದ ಮಾತ್ರಕ್ಕೆ ಹೃದಯ ಸರಿಯಿದೆ ಎಂದಾಗಲಿಲ್ಲ. ಶನಿವಾರ ಪರೀಕ್ಷೆಗೆ ಹೋದೆ. ಎದೆಯ ತುಂಬ ತಂತಿಗಳನ್ನು ಅಂಟಿಸಿ, ಓಡುವ ಪಟ್ಟಿಯ ಮೇಲೆ ನಿಲ್ಲಿಸಿ, ಅದನ್ನು ನಿಮಿಷ ನಿಮಿಷಕ್ಕೆ ಎತ್ತರಿಸಿದರು. ನಾನು ಗೋಡೆಯ ಮೇಲಿದ್ದ ಸೀರೆ ಅಂಗಡಿಯ ಕ್ಯಾಲೆಂಡರನ್ನು ನೋಡುತ್ತ ನಡೆದೆ. ಮುಗಿದ ಮೇಲೆ ಡಾಕ್ಟರು ಕಾಗದದ ಉದ್ದ ಸುರುಳಿಯನ್ನು ಬೆರಳಿನಿಂದ ಎಳೆಯುತ್ತಾ ಬಂದು, ಕೊನೆಯವರೆಗೆ ನೋಡಿ, “ನಾರ್ಮಲ್” ಎಂದರು. ನಾನು ಡಿಕಾಕ್ಷನ್ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆವತ್ತು ಕಾಫಿ ಇಲ್ಲ ಅಂದಿರಿ.”

“ನಮ್ಮ ಮನೆಯಲ್ಲಿ ಅದನ್ನು ಕಾಫಿ ಅನ್ನುವುದಿಲ್ಲ.”

“ಇನ್ನು ಮೇಲೆ ಹೋಟೆಲಿನವರು ಬಂದರೆ ನಾನು ಪ್ರಶ್ನೆ ಬದಲಾಯಿಸಬೇಕು,” ಎಂದು ಅವರು ನಿಜವಾಗಿಯೂ ಏನನ್ನೋ ಬರೆದುಕೊಂಡರು. ಕಾಫಿಯೂ ಬಾಯ್ಲರಿನ ಸೆಕೆಯೂ ಸೇರಿ ಆ ಹೆಚ್ಚಿನ ಇಪ್ಪತ್ತು ಬಡಿತ; ಬೆಟ್ಟದಲ್ಲಿ ಆದದ್ದು ಬರಿದೇ ಅಭ್ಯಾಸವಿಲ್ಲದವಳು ಬಸ್ಸು ಹಿಡಿಯುವ ಹಾಗೆ ಏರಿದ್ದು ಎಂದರು. ಮೆಟ್ಟಿಲಿಳಿದು ಸೀರೆ ಅಂಗಡಿಯ ಮುಂದೆ ನಿಂತೆ. ಒಳಗೆ ಯಾರದೋ ಮದುವೆಯವರು ಒಂದು ಹಸಿರು ಸೀರೆಗಾಗಿ ಜಗಳವಾಡುತ್ತಿದ್ದರು. ಅವರು ತೀರ್ಮಾನಕ್ಕೆ ಬರುವವರೆಗೂ ನಿಂತು ನೋಡಿದೆ. ಎಷ್ಟೋ ತಿಂಗಳ ಮೇಲೆ ನನಗೆ ಏನೂ ಅವಸರವಿರಲಿಲ್ಲ.

ಅಪ್ಪನಿಗೆ ಹೇಳಿದ್ದು ಅಂದೇ, ಹೋಟೆಲು ಖಾಲಿಯಿರುವ ಮೂರು ಗಂಟೆಯ ಹೊತ್ತಿನಲ್ಲಿ. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬಂಡೆಯಿಂದ ಹಿಡಿದು ನಾರ್ಮಲ್‌ವರೆಗೆ ಹೇಳಿದೆ. ತುದಿ ತಲುಪಿರಲಿಲ್ಲ ಎಂಬುದನ್ನೂ. ಅಪ್ಪ ಗಲ್ಲಾದ ಪೆಟ್ಟಿಗೆ ಮುಚ್ಚಿದರು.

“ಒಬ್ಬಳೇ ಹೋದ್ಯಾ? ಟೆಸ್ಟಿಗೆ?”

“ಹೌದು.”

“ಸ್ಟೆಂಟು ಹಾಕಿದ್ದು ನನಗೆ, ಮಗಾ. ನಿನ್ನ ಬಾಯಿಗೆ ಹೊಲಿಗೆ ಹಾಕಲಿಲ್ಲವಲ್ಲ.” ಸ್ವಲ್ಪ ಹೊತ್ತು ಮೇಜಿನ ಮೇಲಿನ ಸೋಂಪಿನ ತಟ್ಟೆಯನ್ನು ಸರಿಮಾಡಿದರು. ಆಮೇಲೆ ಒಳಗೆ ಕೇಳುವ ಹಾಗೆ, “ಹಾಗಾದ್ರೆ ನಾಳೆಯಿಂದ ರುಚಿ ನೋಡುದು ಯಾರು?”

“ನಾನೇ!” ಒಳಗಿನಿಂದ ಮಾಮನ ಉತ್ತರ ಬಂತು. “ಇಷ್ಟು ವರ್ಷ ಯಾರು ನೋಡಿದ್ದು? ಬಣ್ಣ ನೋಡಿಯೇ ನನಗೆ ಗೊತ್ತಾಗ್ತದೆ. ನಿಮ್ಮ ಮನೆಯವರ ಸಮಾಧಾನಕ್ಕೆ ಲೋಟ ಹಿಡಿಯುದು, ಅಷ್ಟೇ.”

“ಅಪ್ಪಯ್ಯ ಇದ್ದಿದ್ರೆ ಈ ಮಾತಿಗೆ ನಿನ್ನನ್ನು ಇವತ್ತೇ ಊರಿಗೆ ಕಳಿಸ್ತಿದ್ರು,” ಎಂದರು ಅಪ್ಪ, ಅಜ್ಜನನ್ನು ನೆನೆದು.

“ಅವರಿಗೆ ಗೊತ್ತಿತ್ತು ಮಾರಾಯ್ರೆ. ಅವರಿಗೆ ಬೆಳಿಗ್ಗೆ ಕಾಫಿ ಬೇಕಿತ್ತು. ಏಕಾದಶಿಗೆ ಸಹ ಬೇಕಿತ್ತು.”

ಅಪ್ಪ ನಕ್ಕದ್ದನ್ನು ಆ ಕುರ್ಚಿಯಲ್ಲಿ ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, “ನೀನು ನಡೆದು ಬಂದ ಮೇಲೆ ಒಂದು ಲೋಟ ಕುಡಿ. ಹಾಲು ಹಾಕಿ, ಸಕ್ಕರೆ ಹಾಕಿ, ಮನುಷ್ಯರ ಹಾಗೆ” ಎಂದರು.

ಮರುದಿನದಿಂದ ಹಾಸಿಗೆಯಲ್ಲೇ ಎಣಿಸಲು ಸುರುಮಾಡಿದೆ. ಅಜ್ಜಿ ಮಗ್ಗುಲು ಬದಲಿಸಿ, “ಅದೆಂತ ಎದೆಗೆ? ಯಾವಾಗ ಎದ್ರೂ ಬಚ್ಚಲಿಗೆ ಓಡ್ತೀಯಲ್ಲ, ಇದಕ್ಕಾ? ನಿನ್ನಮ್ಮ ಏನೇನೋ ಗ್ರಹಿಸಿ ನನ್ನ ತಲೆ ತಿಂದಿದ್ಲು” ಎಂದು ಮತ್ತೆ ಗೊರಕೆ ಹೊಡೆದಳು. ವಾರದ ಸರಾಸರಿ ಅರವತ್ತೆರಡು. ಹೊಸ ಲೆಕ್ಕದಲ್ಲಿ ನನ್ನ ಎರಡನೇ ವಲಯ ನೂರ ನಲವತ್ತರಿಂದ ನೂರ ಐವತ್ಮೂರು. ಅಂದರೆ ಇಷ್ಟು ದಿನ ನಾನು ನಿಧಾನ ಎಂದುಕೊಂಡು ಮಾಡಿದ್ದೆಲ್ಲ ಬಹುಪಾಲು ಮೂರನೆಯದು. ದಣಿವಿಗೂ ಬಸ್ಸಿನ ನಿದ್ದೆಗೂ ಕಾರಣ ಅದೇ.

ನೂರ ನಲವತ್ತು ಎಂದರೆ ಎಷ್ಟು ನಿಧಾನ ಎಂಬುದು ಮೆಟ್ಟಿಲಿನ ಮೇಲೆ ಗೊತ್ತಾಯಿತು. ಒಂದು ಹಂತ ಹತ್ತಿ, ಸಂಖ್ಯೆ ಇಳಿಯುವವರೆಗೆ ಗೋಡೆಗೆ ಒರಗಿ ನಿಂತು, ಮತ್ತೆ ಒಂದು ಹಂತ. ಕೊಳದ ಸುತ್ತ ನಿವೃತ್ತ ಮುದುಕರು ನನ್ನನ್ನು ದಾಟಿ ಹೋಗುತ್ತಿದ್ದರು. ಒಬ್ಬರು ತಿರುಗಿ ನೋಡಿ, ವಿಟಮಿನ್ ಬಿ ತೆಗೆದುಕೋ ಮಗಳೇ ಎಂದು ತಮಿಳಿನಲ್ಲಿ ಸಲಹೆ ಕೊಟ್ಟರು. ಕಾವಲು ಹೆಂಗಸು ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಕಡೆ ತಳ್ಳಿದಳು. ನನಗೆ ಯಾವುದೂ ನಾಟಲಿಲ್ಲ. ಮುಗಿದ ಮೇಲೆ ಹೋಟೆಲಿಗೆ ಹೋಗಿ, ಬೀದಿಯ ಕಡೆ ಮುಖ ಮಾಡಿ ನಿಂತು, ಡಬರಾ ಬಟ್ಟಲಿನಲ್ಲಿ ಆರಿಸಿಕೊಂಡು ಒಂದು ಲೋಟ ಕಾಫಿ ಕುಡಿಯುತ್ತಿದ್ದೆ. ಆರು ವಾರಕ್ಕೆ ಅರವತ್ತು. ಹತ್ತು ವಾರಕ್ಕೆ ಐವತ್ತೆಂಟು. ನಿಲ್ದಾಣದ ಎಲ್ಲ ಹಂತಗಳನ್ನೂ ಎಲ್ಲಿಯೂ ನಿಲ್ಲದೆ ಹತ್ತಿದ ದಿನ ನೂರ ನಲವತ್ತೊಂಬತ್ತು ಇತ್ತು. ಅವತ್ತು ಊಟದ ಹೊತ್ತಿನಲ್ಲಿ ಅಕ್ಕನ ಹಾಳೆ ಕೇಳಿ ಪಡೆದು, ಪ್ರಶ್ನಾರ್ಥಕ ಚಿಹ್ನೆಯನ್ನು ನಾನೇ ಹೊಡೆದು ಹಾಕಿದೆ.

ಚಳಿಗಾಲದಲ್ಲಿ ಅದೇ ಐವರು, ಅದೇ ವ್ಯಾನು, ಅದೇ ಹಿರಿಯ. ಈ ಸಲ ನಾನು ಎಲ್ಲರಿಗಿಂತ ಹಿಂದೆ ಉಳಿದೆ. ಹಿಂದೆ ಉಳಿಯುವುದು ನನ್ನ ಯೋಜನೆ. ಅಕ್ಕ ನನ್ನ ಜೊತೆ ನಿಧಾನವಾಗಿ ಬರುತ್ತಿದ್ದಳು. ನನ್ನ ಮನಸ್ಸೆಲ್ಲ ಆ ಬಂಡೆಯ ಮೇಲಿತ್ತು. ಪ್ರತಿ ತಿರುವಿನಲ್ಲೂ ಎಡಗಡೆ ನೋಡುತ್ತಿದ್ದೆ. ಅದು ಬಂದಾಗ ಏನು ಮಾಡಬೇಕು, ಸಂಖ್ಯೆ ಎಷ್ಟಿದ್ದರೆ ನಿಲ್ಲಬೇಕು ಎಂದೆಲ್ಲ ತೀರ್ಮಾನ ಮಾಡಿಕೊಂಡಿದ್ದೆ.

“ಹೋದ ಸಲ ಏನಾಗಿತ್ತು ನಿನಗೆ, ನಿಜ ಹೇಳು,” ಎಂದಳು ಅಕ್ಕ.

ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಮಾತಿನ ಪರೀಕ್ಷೆ ನೆನಪಾಯಿತು, ಈಗ ಜೊತೆಯವಳು ಇದ್ದಾಳೆ. ನಾನು ಹೇಳಲು ತೊಡಗಿದೆ. ಅಜ್ಜನ ಏಕಾದಶಿ, ಬೆಂಚು, ಎಂಬತ್ತನಾಲ್ಕು, ಸೀರೆ ಅಂಗಡಿಯ ಮೇಲಿನ ಡಾಕ್ಟರು. ಮಾಮನ ತೀರ್ಥದ ಮಾತಿಗೆ ಬಂದಾಗ ಅಕ್ಕ ದಾರಿಯ ಮಧ್ಯೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೆ ಉಸಿರು ಸಿಗುವವರೆಗೆ ನಾನು ಕಾದೆ. ಮುಂದೆ ಹೋದವರು ಏನು ತಮಾಷೆ ಎಂದು ಮೇಲಿನಿಂದ ಕೂಗಿದರು.

ಕಥೆ ಮುಗಿದ ಮೇಲೆ ಸುತ್ತ ನೋಡಿದೆ. ಮರಗಳು ಗಿಡ್ಡವಾಗಿದ್ದವು, ಹುಲ್ಲು ಸುರುವಾಗಿತ್ತು, ಗಾಳಿ ತಣ್ಣಗಿತ್ತು. ಹಿರಿಯ ಒಂದು ತಿರುವಿನಲ್ಲಿ ನಮಗಾಗಿ ಕಾಯುತ್ತಾ ನಿಂತಿದ್ದ.

“ಆ ಬಂಡೆ ಇನ್ನೂ ಎಷ್ಟು ದೂರ?” ಎಂದು ಅವನನ್ನು ಕೇಳಿದೆ.

“ಯಾವುದು, ನೀನು ಕುಳಿತಿದ್ದದ್ದಾ?” ಅವನು ಕೋಲಿನಿಂದ ಕೆಳಗೆ ತೋರಿಸಿದ. “ಅದು ಆಗಲೇ ದಾಟಿತಲ್ಲಮ್ಮಾ. ನೀವು ನಗುತ್ತಾ ನಿಂತಿದ್ದಿರಲ್ಲ, ಅಲ್ಲೇ ಪಕ್ಕದಲ್ಲಿತ್ತು.”

ಕೈಗಡಿಯಾರ ನೋಡಿದೆ. ನೂರ ನಲವತ್ತೇಳು. ಅಂಗಿಯ ತೋಳನ್ನು ಕೆಳಕ್ಕೆ ಎಳೆದು ಅದನ್ನು ಮುಚ್ಚಿ, ಅಕ್ಕನ ಹಿಂದೆ ನಡೆದೆ.